ಓಪಲ್ ಹೊರಡಿಸಿದ ಗುಡುಗು

ಶುಕ್ರವಾರ ಸಂಜೆ ಸ್ಟಾಫ್ ಸಾರ್ಜೆಂಟ್ ಲೋರ್ನಾ ಟಿಡ್‌ವೆಲ್ ತನ್ನ ಮನೆಯ ಹಾಲ್‌ನಲ್ಲಿ ಮಂಡಿಯೂರಿ ಕೂತು, ಅಳತೆ ಪಟ್ಟಿ ಹಿಡಿದು ಗಲೀಜು ಮಾಡುತ್ತಿದ್ದಳು.

ಹೌದು, ಗಲೀಜೇ. ಸೈನ್ಯದ ಲಾರಿಗಳನ್ನು ಹದಿಮೂರು ವರ್ಷದಿಂದ ಬಿಚ್ಚಿ ಜೋಡಿಸುತ್ತಿದ್ದ ಹೆಂಗಸು, ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ನೇತುಹಾಕದಿದ್ದರೆ ಊಟ ಸೇರದವಳು, ಮೂರು ಗೊಂಬೆಗಳನ್ನು ನೆಲದ ಮೇಲೆ ಬೀಳಿಸುವುದಕ್ಕೆ ಅರ್ಧ ಗಂಟೆಯಿಂದ ಒದ್ದಾಡುತ್ತಿದ್ದಳು. ಇದಕ್ಕೆಲ್ಲ ಕಾರಣ ಮಿಸೆಸ್ ಪೆಟಿಗ್ರೂ ಬರೆದ ಒಂದೇ ಒಂದು ಸಾಲು.

ಮಿಸೆಸ್ ಪೆಟಿಗ್ರೂ ಕೌಂಟಿಯ, ಅಂದರೆ ಜಿಲ್ಲೆಯ, ಮಕ್ಕಳ ಇಲಾಖೆಯವರು. ದತ್ತು ಕೇಳಿದವರ ಮನೆ ನೋಡಿ ವರದಿ ಬರೆಯುವುದು ಅವರ ಕೆಲಸ. ಅವರು ಮೊದಲ ಸಲ ಬಂದಾಗ ಲೋರ್ನಾ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಸಿದ್ಧವಾಗಿದ್ದಳು. ಬ್ಯಾರಕ್ಕಿನ ತಪಾಸಣೆಗೆ ಹೇಗೋ ಹಾಗೆ. ಹಾಸಿಗೆಯ ಚಾದರ ತಮಟೆಯಂತೆ ಬಿಗಿದು, ಮಗುವಿನ ನಾಲ್ಕು ಜೊತೆ ಬೂಟುಗಳ ಮೂತಿ ಒಂದೇ ಗೆರೆಯಲ್ಲಿ ನಿಲ್ಲಿಸಿ, ಕರಡಿ ಗೊಂಬೆಗಳನ್ನು ಎತ್ತರದ ಪ್ರಕಾರ ಸಾಲಾಗಿ ಕೂರಿಸಿ, 'ಆಟಿಕೆ, ಮೆತ್ತನೆಯದು, ನಾಲ್ಕು' ಎಂದು ಚೀಟಿ ಅಂಟಿಸಿದ್ದಳು. ಮಿಸೆಸ್ ಪೆಟಿಗ್ರೂ ಸುತ್ತಲೂ ನೋಡಿ, ಕನ್ನಡಕ ಸರಿಮಾಡಿಕೊಂಡು ಬರೆದರು: 'ಈ ಮನೆಯಲ್ಲಿ ಮಗುವೊಂದು ಇರುವ ಗುರುತು ಕಾಣಲಿಲ್ಲ.'

ಆ ಸಾಲು ಲೋರ್ನಾಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಅವರ ಕೊನೆಯ ಭೇಟಿ. ಅವರು ಹೂಂ ಎಂದು ಬರೆದರೆ ಜಡ್ಜ್ ಸಹಿ ಹಾಕುತ್ತಾರೆ, ಅವಳು ಸಾಕುತ್ತಿರುವ ಓಪಲ್ ಇಲ್ಲೇ ಉಳಿಯುತ್ತಾಳೆ. ಊಹೂಂ ಎಂದರೆ ಓಪಲ್ ತನ್ನ ಒಂಬತ್ತನೆಯ ವಯಸ್ಸಿಗೇ ಏಳನೆಯ ಮನೆಗೆ ಗಂಟುಮೂಟೆ ಕಟ್ಟಬೇಕು. ಆದ್ದರಿಂದ ಲೋರ್ನಾಳ ಕೈಕೆಳಗಿನ ಹನ್ನೊಂದು ಮಂದಿ ಸೈನಿಕರು ವಾರವಿಡೀ ರಿಪೇರಿ ಶೆಡ್ಡಿನಲ್ಲಿ ತಲೆಗೆ ತಲೆ ಕೊಟ್ಟು, ಗಲೀಜು ಎಂದರೆ ಏನು, ಎಷ್ಟಿರಬೇಕು, ಎಲ್ಲೆಲ್ಲಿರಬೇಕು ಎಂದು ಚರ್ಚಿಸಿದ್ದರು. ಒಚೋವಾ ಎಂಬ ಹುಡುಗಾಟದ ಆಸಾಮಿ ನಕ್ಷೆಯನ್ನೇ ಬರೆದುಕೊಟ್ಟಿದ್ದ.

ಓಪಲ್ ಸೇಬು ಕಚ್ಚುತ್ತ ಬಂದು ಬಾಗಿಲಿಗೆ ಒರಗಿ ನಿಂತಳು.

"ಇದೇನ್ ಸಾರ್ಜಂಟ್, ಗೊಂಬೆಗಳೆಲ್ಲ ಪರೇಡಿಗೆ ಹೊರಟಿದ್ವಾ?"

"ಬಿದ್ದಿವೆ ಕಣೇ. ನೋಡು, ಒಂದು, ಎರಡು, ಮೂರು. ಬಿದ್ದಿಲ್ವಾ?"

"ಬಿದ್ದಿವೆ. ಆದ್ರೆ ಅಪ್ಪಣೆ ತಗೊಂಡು ಬಿದ್ದಿವೆ." ಓಪಲ್ ಒಂದು ಗೊಂಬೆಯನ್ನು ಕಾಲಿನಿಂದ ಸೋಫಾದಡಿಗೆ ತಳ್ಳಿದಳು, ಇನ್ನೊಂದರ ಅಂಗಿ ಬಿಚ್ಚಿ ಟೀವಿಯ ಮೇಲೆಸೆದಳು, ಅರ್ಧ ತಿಂದ ಸೇಬನ್ನು ಸೋಫಾದ ತೋಳಿನ ಮೇಲೆ ಕೂರಿಸಿದಳು. "ಹಿಂಗೆ. ಕಲ್ತ್ಕೊಳ್ಳಿ."

ಲೋರ್ನಾಳ ಕೈ ತಾನಾಗಿಯೇ ಸೇಬಿನತ್ತ ಹೋಯಿತು.

"ಸಾರ್ಜಂಟ್! ಮುಟ್ಟಬೇಡಿ!" ಎಂದು ಓಪಲ್ ಗದರಿದಳು. ಗದರಿದ್ದು ಲೋರ್ನಾಳದೇ ದನಿಯಲ್ಲಿ, ಆ ಒರಟು, ಆ ಗಡಸು, ಕೊನೆಯಲ್ಲಿ ಎಳೆಯುವ ಆ ಓಕ್ಲಹೋಮದ ರಾಗ ಸಮೇತ. ಈ ಹುಡುಗಿಗೆ ಹುಟ್ಟಿನಿಂದ ಬಂದ ವಿದ್ಯೆ ಅದು. ಮಾರ್ಚಿನಲ್ಲಿ ಮನೆಗೆ ಬಂದ ಎರಡೇ ವಾರಕ್ಕೆ, ಒಂದು ಬೆಳಿಗ್ಗೆ ಕಾರಿಡಾರಿನಿಂದ ಲೋರ್ನಾಳ ಮೇಲಧಿಕಾರಿ ದೊಡ್ಡ ಸಾರ್ಜೆಂಟ್ ಬ್ರಾಟನ್‌ನ ದನಿಯಲ್ಲಿ "ಸಾವಧಾನ್!" ಎಂದು ಕೂಗಿ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇದ್ದ ಲೋರ್ನಾಳನ್ನು ಬಚ್ಚಲಿನಲ್ಲೇ ನೆಟ್ಟಗೆ ನಿಲ್ಲಿಸಿದ್ದಳು. ಲೋರ್ನಾ ಅವತ್ತು ಎಂಥಾ ತಲೆಹರಟೆ ಗಂಟುಬಿದ್ದಳಪ್ಪಾ ಎಂದುಕೊಂಡಳು. ಮಧ್ಯಾಹ್ನ ಶೆಡ್ಡಿನಲ್ಲಿ ಲಾರಿಯ ಕೆಳಗೆ ಮಲಗಿ ಅದನ್ನೇ ನೆನೆದು ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮಗು ಇಲ್ಲದ ಮನೆಗೆ ಇನ್ನು ತಾನು ಹೋಗಲಾರೆ ಎಂದು ಅವಳಿಗೆ ಆಗಲೇ ಗೊತ್ತಾಗಿಹೋಯಿತು.

ಆದರೆ ಗಲೀಜು ಸಣ್ಣ ತೊಡಕು, ದೊಡ್ಡದು ಬೇರೆಯೇ ಇತ್ತು. ಒಂಟಿಯಾಗಿ ಮಗು ಸಾಕುವ ಸೈನಿಕರು ಸೈನ್ಯಕ್ಕೆ ಒಂದು ಕಾಗದ ಬರೆದುಕೊಡಬೇಕು. ನಾಳೆ ನನ್ನನ್ನು ಗಡಿಯಾಚೆ ಕಳಿಸಿದರೆ ಈ ಮಗುವನ್ನು ತಕ್ಷಣ ನೋಡಿಕೊಳ್ಳುವವರು ಇಂಥವರು, ಅವರ ಸಹಿ ಇಲ್ಲಿದೆ, ಎಂದು. ಲೋರ್ನಾ ಪಕ್ಕದ ಮನೆಯ ಮಿಸ್ ವರ್ನೆಲ್ ಹೆಸರು ಕೊಟ್ಟಿದ್ದಳು. ಎಪ್ಪತ್ತೊಂದರ ಮಿಸ್ ವರ್ನೆಲ್ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿತ್ತು.

ಎರಡನೆಯ ಭೇಟಿಯಲ್ಲಿ ಮಿಸೆಸ್ ಪೆಟಿಗ್ರೂ ಆ ಕಾಗದವನ್ನು ಓದಿ ಮಡಚಿಟ್ಟಿದ್ದರು. "ಸಾರ್ಜೆಂಟ್, ಬೇಜಾರು ಮಾಡ್ಕೋಬೇಡಿ. ಹಿಂದಿನ ಐದೂ ಮನೇಲಿ ಕಾಗದ ಸರಿಯಾಗೇ ಇತ್ತು. ಒಂದಿನ ಈ ಮಗು ಸ್ಕೂಲಿನ ಗೇಟ್ ಹತ್ರ ಸಂಜೆ ತನಕ ನಿಂತಿತ್ತು. ಪಟ್ಟೀಲಿ ನಾಲ್ಕು ಹೆಸರಿದ್ವು. ನಾಲ್ಕು ಜನಕ್ಕೂ ಫೋನ್ ಹೋಯ್ತು. ಒಬ್ರೂ ಬರಲಿಲ್ಲ. ನಂಗೆ ಕಾಗದ ಬೇಡ. ಬರ್ತಾರಾ, ಅದನ್ನ ಹೇಳಿ."

"ಬರ್ತಾರೆ ಮೇಡಂ," ಎಂದಿದ್ದಳು ಲೋರ್ನಾ.

"ಎಲ್ರೂ ಹಾಗೇ ಹೇಳ್ತಾರೆ."

ಓಪಲ್ ಒಳಗೆ ಟೀವಿ ನೋಡುತ್ತಿದ್ದಾಳೆ ಎಂದು ಇಬ್ಬರೂ ನಂಬಿದ್ದರು. ಟೀವಿಯ ಸದ್ದು ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮಿಸೆಸ್ ಪೆಟಿಗ್ರೂ ಬಂದರು. ಟೀವಿಯ ಮೇಲಿನ ಅಂಗಿ ನೋಡಿದರು, ಕಂದು ಬಣ್ಣಕ್ಕೆ ತಿರುಗಿದ ಸೇಬು ನೋಡಿದರು, ಅದರ ಪಕ್ಕದಲ್ಲೇ ಕೂತರು. ಲೋರ್ನಾ ಕಾಫಿ ಕೊಟ್ಟಳು. ಓಪಲ್ ಅಡುಗೆಮನೆಯಿಂದ ಬಿಸ್ಕೆಟ್ಟಿನ ತಟ್ಟೆ ಹಿಡಿದು ಬಂದು, ಅತಿವಿನಯದ ಮುಖ ಮಾಡಿಕೊಂಡು ಗೋಡೆಯ ಗಡಿಯಾರಕ್ಕೆ ಎದುರಾಗಿ ಕೂತಳು. ಆ ವಿನಯ ನೋಡಿಯೇ ಲೋರ್ನಾಳಿಗೆ ಅನುಮಾನ ಬರಬೇಕಿತ್ತು. ಪಾಪ, ಅವಳ ಜೀವ ಕೈಯಲ್ಲಿತ್ತು, ಬರಲಿಲ್ಲ.

"ಸರಿ ಸಾರ್ಜೆಂಟ್," ಎಂದರು ಮಿಸೆಸ್ ಪೆಟಿಗ್ರೂ. "ಹಳೇ ಪ್ರಶ್ನೆ. ನಿಮಗೆ ಹೊರಡು ಅಂತ ಕರೆ ಬಂತು ಅಂತಿಟ್ಕೊಳ್ಳಿ."

ಲೋರ್ನಾ ಬೆನ್ನು ನೆಟ್ಟಗೆ ಮಾಡಿ, ಬಾಯಿಪಾಠ ಒಪ್ಪಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಅವಳ ಫೋನು ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಬಿಟ್ಟಳು. ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ ಎದ್ದುಹೋಗಿ ಎತ್ತಿಕೊಂಡಳು.

"ಸಾರ್ಜಂಟ್, ಲಿಂಡ್‌ಕ್ವಿಸ್ಟ್ ಮಾತಾಡ್ತಿರೋದು," ಎಂದಿತು ಏದುಸಿರಿನ ದನಿ. "ಗುಡುಗು. ಕೊನೆ ಮುಟ್ಟಿದೆ. ನಾನು ದಾರೀಲಿದೀನಿ." ಫೋನ್ ಕಟ್ಟಾಯಿತು.

ಗುಡುಗು ಎಂದರೆ ತುರ್ತು ಕರೆಯ ಗುಟ್ಟಿನ ಮಾತು. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಆ ಮಾತು ಹೇಳಬೇಕು, ಅವರು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ. ಕೊನೆಯವನು ತಿರುಗಿ ಮೊದಲಿನವರಿಗೆ ಫೋನ್ ಮಾಡಿ ಕೊನೆ ಮುಟ್ಟಿತು ಎನ್ನಬೇಕು. ಯಾಕೆ, ಏನು, ಎಲ್ಲಿಗೆ ಎಂದು ಕೇಳುವ ಪದ್ಧತಿಯೇ ಇಲ್ಲ. ಬೂಟು ಹಾಕು, ಚೀಲ ಎತ್ತು, ಹೊರಡು. ಲಿಂಡ್‌ಕ್ವಿಸ್ಟ್ ಅವಳ ಪಟ್ಟಿಯ ಹನ್ನೊಂದನೆಯವನು. ಅಂದರೆ ಕರೆ ಬಂದಿದೆ, ತನ್ನ ಹುಡುಗರೆಲ್ಲ ಹೊರಟಿದ್ದಾರೆ, ತನಗೆ ಬಂದ ಕರೆಯನ್ನು ತಾನೇ ಕೇಳಿಸಿಕೊಂಡಿಲ್ಲ, ಅದು ತನ್ನನ್ನು ದಾಟಿ ಮುಂದಕ್ಕೆ ಹೋಗಿದೆ! ಹದಿಮೂರು ವರ್ಷದಲ್ಲಿ ಇಂಥಾದ್ದಾಗಿರಲಿಲ್ಲ. ದಿನ ಹುಡುಕಿಕೊಂಡು ಬಂದಿದೆ ನೋಡಿ ಶನಿ, ಎಂದು ಅವಳಿಗೆ ಅಳುವೇ ಬಂತು.

ಎದ್ದು ಹೊರಟರೆ ಮಗು ಹೋಯಿತು. ಕೂತರೆ ಕೊಟ್ಟ ಮಾತು ಹೋಯಿತು. ಲೋರ್ನಾ ಮಿಸ್ ವರ್ನೆಲ್‌ಗೆ ಫೋನ್ ಮಾಡಿ, "ಮಿಸ್ ವರ್ನೆಲ್, ಕಾಗದದಲ್ಲಿರೋದು ಈಗ," ಎಂದಷ್ಟೇ ಹೇಳಿದಳು.

ಹಾಲ್‌ಗೆ ಬಂದು, "ಮೇಡಂ, ನಂಗೆ ಕರೆ ಬಂದಿದೆ. ಸುಳ್ಳಲ್ಲ. ನಾನು ಹೋಗ್ಲೇಬೇಕು," ಎಂದಳು. ಮಿಸೆಸ್ ಪೆಟಿಗ್ರೂ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಪೆನ್ನು ತೆಗೆದರು.

ಲೋರ್ನಾ ಓಪಲ್ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮಿಸ್ ವರ್ನೆಲ್ ಬರ್ತಾರೆ. ಎಲ್ಲಿಗೆ, ಎಷ್ಟು ದಿನ, ನಂಗೂ ಗೊತ್ತಿಲ್ಲ. ಫೋನ್ ಮಾಡ್ತೀನಿ. ಮಾಡೋಕಾಗದಿದ್ರೂ ನಿನ್ನೇ ನೆನೆಸ್ಕೊಂಡಿರ್ತೀನಿ. ಹೆದರ್ಬೇಡ, ಆಯ್ತಾ?"

ಓಪಲ್ ಅಗಿಯುವುದನ್ನು ನಿಲ್ಲಿಸಿದಳು. ಅರ್ಧ ಬಿಸ್ಕೆಟ್ಟನ್ನು ತಟ್ಟೆಗೆ ಹಿಂದಕ್ಕಿಟ್ಟಳು. ಮುಖ ಬಿಳಿಚಿಕೊಂಡಿತು. ಲೋರ್ನಾ ಅವಳ ತಲೆ ಸವರಿ ಎದ್ದು, ಬಾಗಿಲ ಹಿಂದಿನ ಹಸಿರು ಚೀಲವನ್ನು ಹೆಗಲಿಗೇರಿಸಿದಳು. ಅದು ಯಾವತ್ತೂ ತುಂಬಿಯೇ ಇರುತ್ತಿತ್ತು.

ಹಿಂಬಾಗಿಲು ದಡಾರೆಂದಿತು. ಮಿಸ್ ವರ್ನೆಲ್ ಬಂದೇಬಿಟ್ಟರು. ಕೂದಲ ತುಂಬ ಸುರುಳಿ ಸಿಕ್ಕಿಸಿಕೊಂಡು, ಮೊಣಕೈವರೆಗೆ ಹಿಟ್ಟು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. "ಎಲ್ಲಿ ಮಗು? ಇಲ್ಲಿದೀಯಾ ಚಿನ್ನಾ. ಲೋರ್ನಾ, ನೀನ್ ಹೋಗು, ಹಿಂದೆ ತಿರುಗಿ ನೋಡ್ಬೇಡ, ನೋಡಿದ್ರೆ ಕಾಲು ಬರಲ್ಲ. ನೀವ್ಯಾರಮ್ಮ? ಓ, ಕೌಂಟಿಯವರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ, ಎದ್ದು ನಿಂತು ಏನ್ ಉಪಕಾರ ಮಾಡ್ಬೇಕಾಗಿಲ್ಲ." ಮಿಸೆಸ್ ಪೆಟಿಗ್ರೂ ಗಡಿಯಾರ ನೋಡಿ ಏನೋ ಬರೆದುಕೊಂಡರು.

ಲೋರ್ನಾ ಮುಂಬಾಗಿಲು ತೆಗೆದಳು. ತೆಗೆದವಳು ಹಾಗೇ ನಿಂತಳು.

ಮನೆಯ ಮುಂದೆ ಒಂದು ಪಿಕಪ್ ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಬೈಕು. ಮೊದಲಿಗೆ ಒಚೋವಾ ಇಳಿದ, ಅರ್ಧ ಗಡ್ಡ ಬೋಳಿಸಿ ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು. ಇನ್ನೊಬ್ಬ ಮದುವೆಗೆ ಹೊರಟವನು ಕೋಟು, ಎದೆಗೆ ಹೂವು, ಹೆಗಲಿಗೆ ಚೀಲ. ಮೂರನೆಯವಳು ಚರ್ಚಿನ ಹಾಡಿನ ತಂಡದ ನೇರಳೆ ನಿಲುವಂಗಿಯ ಕೆಳಗೆ ಸೈನ್ಯದ ಬೂಟು. ಒಬ್ಬೊಬ್ಬರಾಗಿ ಹತ್ತು ಜನ ಹುಲ್ಲಿನ ಮೇಲೆ ಸಾಲಾಗಿ ನಿಂತುಬಿಟ್ಟರು.

"ಇಲ್ಲಿಗ್ಯಾಕ್ರೋ ಬಂದ್ರಿ?" ಎಂದಳು ಲೋರ್ನಾ. "ಶೆಡ್ಡಿಗೆ ಹೋಗ್ಬೇಕಲ್ವಾ?"

"ನೀವೇ ತಾನೆ ಸಾರ್ಜಂಟ್ ಹೇಳಿದ್ದು, ನಮ್ಮನೆ ಮುಂದೆ ಸೇರಿ ಅಂತ?" ಎಂದ ಒಚೋವಾ.

ಕಿಟಕಿಯಿಂದ ಮಿಸ್ ವರ್ನೆಲ್ ಸೀಟಿ ಊದಿದರು. "ಲೇ ಬೈಕಿನವನೇ! ನನ್ನ ಹೂವಿನ ಗಿಡದ ಮೇಲಿಂದ ಕಾಲ್ ತೆಗಿ!" ಬೈಕಿನವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದ.

ಅಷ್ಟರಲ್ಲಿ ಕರಿಯ ಕಾರೊಂದು ಕಿರುಗುಟ್ಟಿ ನಿಂತು, ಅದರಿಂದ ದೊಡ್ಡ ಸಾರ್ಜೆಂಟ್ ಬ್ರಾಟನ್ ಇಳಿದ. ಇಡೀ ಕಂಪನಿಯ ಮೇಲಿನ ಸಾರ್ಜೆಂಟು. ಮೀನು ಹಿಡಿಯಲು ಹೋಗಿದ್ದವನ ಟೋಪಿಯಲ್ಲಿ ಇನ್ನೂ ಗಾಳಗಳು ಚುಚ್ಚಿಕೊಂಡಿದ್ದವು. ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು.

"ಟಿಡ್‌ವೆಲ್! ಯಾರಪ್ಪಣೆ ಇದು? ನಾನು ಕರೆ ಕೊಟ್ಟಿಲ್ಲ, ಕ್ಯಾಪ್ಟನ್ ಕೊಟ್ಟಿಲ್ಲ, ನಿನ್ನ ಹುಡುಗರು ಮಾತ್ರ ಯುದ್ಧಕ್ಕೆ ಹೊರಟಿದಾರೆ ಅಂತ ಒಬ್ಬನ ಹೆಂಡ್ತಿ ನಂಗೆ ಫೋನ್ ಮಾಡ್ತಾಳೆ! ಸಾಲು!"

ಲೋರ್ನಾಳ ಕಾಲುಗಳು ಯಾರನ್ನೂ ಕೇಳದೆ ಸಾಲಿನ ತುದಿಗೆ ಹೋಗಿ ನಿಂತವು. ಬ್ರಾಟನ್ ಒಬ್ಬೊಬ್ಬರನ್ನೂ ವಿಚಾರಿಸಿದ. "ನಿಂಗ್ಯಾರು ಹೇಳಿದ್ದು?" "ಪಕ್ಕದವನು." "ನಿಂಗೆ?" "ಇವಳು." ಹಾಗೆ ಹಿಂದಕ್ಕೆ, ಹಿಂದಕ್ಕೆ ಹೋಗಿ ಒಚೋವಾನ ನೊರೆಯ ಮುಂದೆ ಬಂದು ನಿಂತ.

"ನಂಗೆ ಸಾರ್ಜಂಟ್ ಟಿಡ್‌ವೆಲ್ ಫೋನ್ ಬಂತು. ಅವರ ಫೋನೇ, ಅವರ ದನೀನೇ. ಸ್ವಲ್ಪ ನೆಗಡಿ ಆಗಿತ್ತು ಅಷ್ಟೇ. ಗುಡುಗು ಅಂದ್ರು. ಜುಲೈ ನಾಲ್ಕನೇ ತಾರೀಕಿನ ಹಬ್ಬದ ದಿನ ಓಪಲ್ ನನ್ನ ಬಿಡ್ಸಿ ಬಿಡ್ಸಿ ಕೇಳ್ತಿದ್ಲಲ್ಲ, ಕರೆಪಟ್ಟಿ ಹೇಗೆ ನಡೆಯುತ್ತೆ ಅಂತ, ಹಂಗೇ ಪಟ್ಟಿ ಪ್ರಕಾರ..." ಒಚೋವಾನ ಮಾತು ಅಲ್ಲೇ ನಿಂತುಹೋಯಿತು. ಅವನ ಕಣ್ಣು ನಿಧಾನವಾಗಿ ಮನೆಯ ಮೆಟ್ಟಿಲ ಕಡೆ ಹೊರಳಿತು. ಹತ್ತೂ ಜನರ ಕಣ್ಣು ಹೊರಳಿತು.

ಮೆಟ್ಟಿಲ ಮೇಲೆ ಓಪಲ್ ನಿಂತಿದ್ದಳು. ಕೈಯಲ್ಲಿ ಫ್ರಿಜ್ಜಿನ ಬಾಗಿಲಿಂದ ಕಿತ್ತ ಕರೆಪಟ್ಟಿ, ಇನ್ನೊಂದು ಕೈಯಲ್ಲಿ ಚಿತ್ರ ಬರೆಯುವ ಕೆಂಪು ಬಣ್ಣದ ಕಡ್ಡಿ. ಅವಳ ಹಿಂದೆ ಮಿಸೆಸ್ ಪೆಟಿಗ್ರೂ, ಫೈಲು ಎದೆಗೊತ್ತಿಕೊಂಡು.

ಮುಗೀತು, ಎಲ್ಲ ಮುಗೀತು, ಎಂದುಕೊಂಡಳು ಲೋರ್ನಾ. ಸೈನ್ಯಕ್ಕೆ ಸುಳ್ಳು ಕರೆ ಹೊರಡಿಸುವ ಮಗುವನ್ನು ಬೆಳೆಸಿದವಳಿಗೆ ಯಾವ ಕೌಂಟಿ ಮಗು ಕೊಡುತ್ತದೆ?

ಬ್ರಾಟನ್ ಮೆಟ್ಟಿಲ ಬುಡಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ನೀನಾ?"

"ಹೌದು ಸರ್."

"ಹನ್ನೊಂದು ಜನ ಇರ್ಬೇಕು. ಹತ್ತೇ ಇದಾರೆ."

"ಗ್ರಿಗ್ಸ್ ಆಸ್ಪತ್ರೇಲಿದಾನೆ ಸರ್. ಈ ಮೇಡಂ ಬಂದಾಗ ಸಾರ್ಜಂಟ್ ಬಾಗಿಲು ತೆಗೆಯೋಕೆ ಹೋದ್ರಲ್ಲ, ಆಗ ಅವರ ಫೋನಿಗೆ ಮಾಡಿದ್ದ. ಒಂದು ಕೈಲಿ ಹೆಂಡ್ತಿ ಕೈ ಹಿಡ್ಕೊಂಡಿದೀನಿ, ಮಗು ಹುಟ್ತಾ ಇದೆ, ಬರ್ಲಾ ಬೇಡ್ವಾ ಅಂದ. ರಜೆ ಕೊಟ್ಟೆ."

ಸಾಲಿನಲ್ಲಿ ಯಾರೋ ಕೆಮ್ಮಿದರು. ನಗು ತಡೆದ ಕೆಮ್ಮು. ಬ್ರಾಟನ್‌ನ ಮೀಸೆಯ ತುದಿಯೂ ಅದುರಿತು. ಅದನ್ನು ಕೈಯಿಂದ ಒತ್ತಿ ಹಿಡಿದು ಕೇಳಿದ: "ಯಾಕಮ್ಮ ಮಾಡ್ದೆ?"

ಓಪಲ್ ಪಟ್ಟಿಯನ್ನೇ ನೋಡುತ್ತ ಹೇಳಿದಳು. "ಎಲ್ಲಾ ಮನೇಲೂ ಪಟ್ಟಿ ಇತ್ತು. ಬರ್ತಾರಾ ಅಂತ ಯಾರೂ ನೋಡ್ಲಿಲ್ಲ. ಸಾರ್ಜಂಟ್ ಹೋಗ್ತಾರೆ ಅಂತ ನಂಗೊತ್ತಿತ್ತು, ಅವರ ಕೆಲಸ ಅದು. ಅವರು ಹೋದ್ಮೇಲೆ ಯಾರು ಬರ್ತಾರೆ ಅಂತ ನೋಡ್ಬೇಕಿತ್ತು. ಈ ಮೇಡಂ ಮುಂದೇನೇ ನೋಡ್ಬೇಕಿತ್ತು. ಇಲ್ದಿದ್ರೆ ನಂಬಲ್ಲ ಅವ್ರು."

ಒಂಬತ್ತು ವರ್ಷದ ಮಗು, ನೀವು ಹೋಗ್ತೀರ ಎಂದು ಅಷ್ಟು ಸಲೀಸಾಗಿ ಹೇಳುವುದೇ, ಎಂದುಕೊಂಡಳು ಲೋರ್ನಾ. ಹೇಳದೆ ಏನು ಮಾಡೀತು, ಈಗ ತಾನೇ ಕಣ್ಣಾರೆ ನೋಡಿದೆಯಲ್ಲ.

ಬ್ರಾಟನ್ ತಿರುಗಿ ಮಿಸೆಸ್ ಪೆಟಿಗ್ರೂ ಮುಖ ನೋಡಿದ, ಅಲ್ಲಿ ಏನೂ ಕಾಣಲಿಲ್ಲ. ಗಂಟಲು ಸರಿಮಾಡಿಕೊಂಡ. "ಸುಳ್ಳು ಕರೆ ದೊಡ್ಡ ತಪ್ಪು. ನಿಜವಾದ ಕರೆ ಬಂದಾಗ ಇವರು ನಗ್ತಾ ಕೂತ್ರೆ ಜೀವ ಹೋಗುತ್ತೆ. ಗೊತ್ತಾಯ್ತಾ? ಕರೆದವರೇ ಬಿಡುಗಡೆ ಮಾಡ್ಬೇಕು, ನಮ್ಮ ಪದ್ಧತಿ. ಒಬ್ಬೊಬ್ಬರ ಮುಂದೇನೂ ಹೋಗು. ತಪ್ಪಾಯ್ತು ಅನ್ನು. ಹೋಗಿ ಅನ್ನು. ಜೋರಾಗಿ. ಎಲ್ರಿಗೂ ಕೇಳ್ಬೇಕು."

ಓಪಲ್ ಮೆಟ್ಟಿಲಿಳಿದು ಒಚೋವಾನ ಮುಂದೆ ನಿಂತಳು. ಅಷ್ಟಾದರೂ ಚೇಷ್ಟೆ ಬಿಡಲಿಲ್ಲ, ಬ್ರಾಟನ್‌ನ ದನಿಯಲ್ಲೇ ಗುಡುಗಿದಳು: "ಒಚೋವಾ! ತಪ್ಪಾಯ್ತು! ಹೋಗಬಹುದು! ಗಡ್ಡ ಮುಗಿಸ್ಕೋ!" ಒಚೋವಾ ಸೆಲ್ಯೂಟ್ ಹೊಡೆದು ಹೊರಟ. ಕೋಟಿನವನಿಗೆ, "ತಪ್ಪಾಯ್ತು! ಹೋಗಬಹುದು! ಮದುವೆ ಊಟ ತಪ್ಪಿಸ್ಕೋಬೇಡ!" ನೇರಳೆ ನಿಲುವಂಗಿಯವಳಿಗೆ, ಲಿಂಡ್‌ಕ್ವಿಸ್ಟ್‌ಗೆ, ಬೈಕಿನವನಿಗೆ. ಒಬ್ಬೊಬ್ಬರ ಹೆಸರಿಗೂ ಕೆಂಪು ಗುರುತು ಹಾಕಿ ಕಳಿಸಿದಳು. ಹೋಗಬಹುದು ಎನಿಸಿಕೊಂಡವರು ಯಾರೂ ಹೋಗಲಿಲ್ಲ, ಪಿಕಪ್ಪಿಗೆ ಒರಗಿ ನಿಂತರು.

ಸಾಲಿನ ತುದಿಯಲ್ಲಿ ಲೋರ್ನಾ ಒಬ್ಬಳೇ ಉಳಿದಳು, ಹೆಗಲ ಮೇಲೆ ಚೀಲ.

ಓಪಲ್ ಅವಳೆದುರು ಬಂದು ನಿಂತಳು. ಪಟ್ಟಿ ನೋಡಿದಳು, ಚೀಲ ನೋಡಿದಳು. ಈ ಸಲ ಯಾರ ದನಿಯನ್ನೂ ಮಾಡಲಾಗಲಿಲ್ಲ. ತನ್ನದೇ ಸಣ್ಣ ದನಿ ಬಂತು.

"ತಪ್ಪಾಯ್ತು ಸಾರ್ಜಂಟ್." ಅಲ್ಲಿಗೆ ನಿಂತಿತು.

"ಮುಂದೆ?" ಎಂದ ಬ್ರಾಟನ್.

"ನೀವು ಹೋಗೋ ಹಾಗಿಲ್ಲ."

ಲೋರ್ನಾಳಿಗೆ ಎದುರಿನದೆಲ್ಲ ಮಂಜಾಯಿತು. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಬಾರದು. "ಒಂದಲ್ಲ ಒಂದಿನ ನಿಜವಾದ ಕರೆ ಬರುತ್ತೆ ಕಣೇ ಓಪಲ್. ಆಗ ಹೋಗ್ಬೇಕಾಗುತ್ತೆ."

"ಗೊತ್ತು," ಎಂದಳು ಓಪಲ್. "ಇವತ್ತಲ್ಲ."

ದೊಡ್ಡ ಸಾರ್ಜೆಂಟ್ ಬ್ರಾಟನ್ ಟೋಪಿ ತೆಗೆದು, ಗಾಳವೊಂದಕ್ಕೆ ಬೆರಳು ಚುಚ್ಚಿಸಿಕೊಂಡು, ಆ ನೆಪದಲ್ಲಿ ಕಣ್ಣೊರೆಸಿಕೊಂಡ. "ಅಪ್ಪಣೆ ಕೇಳಿಸ್ತಲ್ಲ ಟಿಡ್‌ವೆಲ್? ಇಳಿಸು ಚೀಲ."

ಲೋರ್ನಾ ಚೀಲ ಇಳಿಸಿದಳು. ಓಪಲ್ ತಕ್ಷಣ ಅದರ ಮೇಲೆ ಹತ್ತಿ ಕೂತು ಎರಡೂ ಕಾಲು ಊರಿದಳು. ಮಿಸೆಸ್ ಪೆಟಿಗ್ರೂ ಹುಲ್ಲು ದಾಟಿ ಬಂದರು. ಫೈಲು ತೆರೆದಿರಲಿಲ್ಲ.

"ಪೂರಾ ಬರೆದಾಯ್ತು ಸಾರ್ಜೆಂಟ್. ಹೂಂ ಅಂತ್ಲೇ ಬರೆದಿದೀನಿ. ಸೋಮವಾರ ಜಡ್ಜ್ ಕೈಗೆ ಹೋಗುತ್ತೆ." ಆಮೇಲೆ ಕನ್ನಡಕದ ಮೇಲಿಂದ ಓಪಲ್‌ಳನ್ನು ನೋಡಿ, "ಇನ್ನು ಎದ್ದೇಳಮ್ಮಾ, ಅವರೆಲ್ಲೂ ಹೋಗಲ್ಲ," ಎಂದರು.

ಓಪಲ್‌ಗೆ ಕೇಳಿಸಿತು. ಆದರೂ ಅವಳು ಚೀಲದ ಮೇಲಿಂದ ಏಳಲಿಲ್ಲ.